ಸೂಪರ್‌ವೈಸರ್ ಮಾವನ ಹಾಟ್ ಚಾಕೊಲೇಟ್

ರಕ್ಷಿತಾ ಕೈಗೆರಡರಂತೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಿಡಿದು ಜನರೇಟರ್ ರೂಮಿನ ಹಿಂದಕ್ಕೆ ಸಾಗಿಸುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮಾವ ಮಡಿವಾಳಪ್ಪನವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಶವವನ್ನು ಕೂರಿಸಿ ಹೊತ್ತೊಯ್ಯುವ ವಿಮಾನಕ್ಕೆ ಬಿದಿರು ಕಟ್ಟುವುದು ನಡೆದಿತ್ತು. ಸೊಸೆಯಾದವಳು ಹೆಣದ ಪಕ್ಕ ಇರಬೇಕಾದ ಹೊತ್ತಿನಲ್ಲಿ ಇವಳಿಗೆ ಕುರ್ಚಿಯ ಚಿಂತೆ.

“ಅಲ್ಲಿ ಯಾಕೆ ಹಾಕ್ತಿದೀಯ?” ಎಂದು ಗಂಡ ವಿನಾಯಕ್ ಕೇಳಿದ.

“ಪೀಣ್ಯದಿಂದ ಮಾವನ ಕ್ಯಾಂಟೀನಿನವರು ಬರ್ತಿದಾರಲ್ಲ. ಅಲ್ಲಿ ನೆರಳಿದೆ.”

ವಿನಾಯಕ್ ಅವಳ ಮುಖ ನೋಡಿದ. ನೆರಳು ಎಲ್ಲ ಕಡೆಯೂ ಇತ್ತು. ಬಿದಿರು ಕಟ್ಟುವವರತ್ತ ಹೋದ.

*

ಮಡಿವಾಳಪ್ಪ ಪೀಣ್ಯದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಟೀ ಕಾಸಿದವರು. ಮೊಮ್ಮಗಳು ಸ್ಫೂರ್ತಿ ಮಾಲ್‌ನಲ್ಲಿ ಕುಡಿದ ಹಾಟ್ ಚಾಕೊಲೇಟ್ ಮನೆಯಲ್ಲೂ ಬೇಕೆಂದು ಹಟ ಹಿಡಿದಾಗ, “ಅದೇನು ಬ್ರಹ್ಮವಿದ್ಯೆನಾ?” ಎಂದು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತರು. ಮೊದಲ ದಿನ ಕೋಕೋ ಗಂಟುಗಂಟಾಯಿತು. ಮಾರನೆಯ ದಿನ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕಲಸಿಕೊಂಡು ಗೆದ್ದರು. ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಮೂರು ಬಗೆ. ಮಕ್ಕಳಿಗೆ ಏಲಕ್ಕಿಯದು. ಹಸಿದವರಿಗೆ ರಾಗಿಹಿಟ್ಟು ಕದಡಿ ಹಾಕಿದ, ಸೌಟಿಗೆ ಅಂಟುವಷ್ಟು ಮಂದನೆಯದು. ನೆಗಡಿಯಾದವರಿಗೆ ಹಾಲಿಲ್ಲದೆ ಬೆಲ್ಲ, ಶುಂಠಿ, ಮೆಣಸು. ಯಾವುದೇ ಇರಲಿ, ಕೊನೆಗೆ ಎರಡು ಪಾತ್ರೆಗಳ ನಡುವೆ ಎತ್ತರಕ್ಕೆ ಎತ್ತಿ ಹೊಯ್ದು ನೊರೆ ಬರಿಸುತ್ತಿದ್ದರು. ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ.

ಸ್ಫೂರ್ತಿಯ ಹುಟ್ಟುಹಬ್ಬಕ್ಕೆ ಬಂದ ಪಕ್ಕದ ಫ್ಲಾಟಿನ ಊರ್ಮಿಳಾ ಆ ನೊರೆ ನೋಡಿ ಬೆರಗಾದಳು. “ಅಂಕಲ್, ಎಲ್ಲಿ ಕಲಿತ್ರಿ ಇದನ್ನ?”

“ನಾನು ಕ್ಯಾಂಟೀ...”

“ಫ್ಯಾಕ್ಟರೀಲಿ ಸೂಪರ್‌ವೈಸರ್ ಆಗಿದ್ರು. ಇದು ರಿಟೈರ್ ಆದ್ಮೇಲಿನ ಹವ್ಯಾಸ,” ಎಂದುಬಿಟ್ಟಳು ರಕ್ಷಿತಾ. ಆ ಅಪಾರ್ಟ್‌ಮೆಂಟಿನಲ್ಲಿ ಹೆಂಗಸರ ಮಾತು ಯಾರ ಮಾವ ಏನಾಗಿದ್ದರು ಎಂಬಲ್ಲಿಂದಲೇ ಶುರುವಾಗುತ್ತಿತ್ತು.

ಎತ್ತಿದ ಪಾತ್ರೆ ಅಲ್ಲೇ ನಿಂತಿತು. ಮಾವ ಒಮ್ಮೆ ಸೊಸೆಯನ್ನು ನೋಡಿ, “ಹೌದವ್ವ, ಹವ್ಯಾಸ,” ಎಂದರು. ಅಂದು ಮೊದಲ ಸಲ ಕಟ್ಟೆಯ ಮೇಲೆ ಚೆಲ್ಲಿತು. ಅವರೇ ಒರೆಸಿದರು. ಆಮೇಲೂ ಮಾಡಿಕೊಡುತ್ತಿದ್ದರು, ಆದರೆ ಹೊರಗಿನವರು ಬಂದಾಗ ಎತ್ತಿ ಹೊಯ್ಯುತ್ತಿರಲಿಲ್ಲ, ಚಮಚದಲ್ಲಿ ಕಲಕಿ ಕೊಡುತ್ತಿದ್ದರು. ರಕ್ಷಿತಾ ಅದನ್ನು ಗಮನಿಸಿದ್ದಳು. ಗಮನಿಸದವಳಂತೆ ಇದ್ದಳು.

*

ನಾಲ್ವರು ಬಂದರು. ಮುಂದೆ ರಾಜಗೋಪಾಲನಗರದ ಅಂಜನಮ್ಮ. ಕ್ಯಾಂಟೀನಿನಲ್ಲಿ ಮಡಿವಾಳಪ್ಪ ಟೀ ಕಾಸಿದಷ್ಟೂ ವರ್ಷ ಲೋಟ ತೊಳೆದವಳು. ರಕ್ಷಿತಾ ಓಡಿಹೋಗಿ ಅವರನ್ನು ಅತ್ತ ಕರೆಯುವಷ್ಟರಲ್ಲಿ ಊರ್ಮಿಳಾ ಎದುರಾಗಿ, “ಅಂಕಲ್ ನಿಮಗೆ ಹೇಗೆ ಪರಿಚಯ?” ಎಂದು ಕೇಳಿಯೇಬಿಟ್ಟಳು.

“ನಮ್ ಸೂಪರ್‌ವೈಸರ್ ಸಾರು ಅವ್ರು, ಮೇಡಂ,” ಎಂದಳು ಅಂಜನಮ್ಮ, ಪಾಠ ಒಪ್ಪಿಸುವಂತೆ.

ಊರ್ಮಿಳಾ ಹಾರ ತರಲು ಹೋದಳು. ಅಂಜನಮ್ಮ ಹತ್ತಿರ ಸರಿದು ದನಿ ತಗ್ಗಿಸಿದಳು. “ಸರ್ಯಾಗಿ ಏಳಿದ್ನಾ, ತಾಯಿ? ಎದೆನೋವು ಬಂದ್ಮೇಲೆ ಒಂದಿನ ಅಣ್ಣ ನಮ್ಮನೇಗೆ ಬಂದು ಎಲ್ರನ್ನೂ ಕೂರಿಸ್ಕೊಂಡು ಏಳಿದ್ರು. ನಾನು ಸತ್ರೆ ನೀವು ಬತ್ತೀರ, ಅಲ್ಲಿ ನಾನು ಸೂಪರ್‌ವೈಸರು, ನನ್ ಸೊಸೆ ಅಂಗೆ ಏಳವ್ಳೆ, ನಾಲ್ಕು ಜನರ ಮುಂದೆ ಅವ್ಳ ಮಾತು ಸುಳ್ಳಾಗ್ಬಾರ್ದು ಅಂತ. ಆಣೆ ಆಕಿಸ್ಕೊಂಡ್ರು.”

ನಾಚಿಕೆಯಿಂದ ರಕ್ಷಿತಾಳ ಮೈ ಹಿಡಿಯಾಯಿತು. ಎದೆನೋವಿನ ಮುದುಕ ಎರಡು ಬಸ್ಸು ಬದಲಾಯಿಸಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಅವಳ ಸುಳ್ಳಿಗೆ ಸಾಕ್ಷಿ ಹೊಂದಿಸಿ ಬಂದಿದ್ದರು. ಅವಳಿಗೆ ಅವರ ಮುಖ ನೋಡಲಾಗಲಿಲ್ಲ.

ಊರ್ಮಿಳಾ ಹಾರ ಹಿಡಿದು ಬಂದಳು. ರಕ್ಷಿತಾ ಅವಳ ಕೈ ಹಿಡಿದು ನಿಲ್ಲಿಸಿದಳು. “ಮಾವ ಸೂಪರ್‌ವೈಸರ್ ಆಗಿರ್ಲಿಲ್ಲ, ಊರ್ಮಿಳಾ. ಕ್ಯಾಂಟೀನಲ್ಲಿ ಟೀ ಮಾಡ್ತಿದ್ರು. ನಾನೇ ಸುಳ್ಳು ಹೇಳಿದ್ದು.”

ಸುತ್ತ ನಿಂತವರು ತಿರುಗಿ ನೋಡಿದರು.

“ಅಯ್ಯೋ, ಇಲ್ಲ ಮೇಡಂ,” ಅಂಜನಮ್ಮ ಅಡ್ಡ ಬಂದಳು. “ದುಃಖದಾಗೆ ಏನೇನೋ ಅಂತಾವ್ರೆ. ದೊಡ್ಡ ಸೂಪರ್‌ವೈಸರು. ಅವ್ರು ಬಂದ್ರೆ ನಾವೆಲ್ಲ ಎದ್ದು ನಿಂತ್ಕೊತಿದ್ವಿ.”

“ಬೆಳಗ್ಗೆಯಿಂದ ಏನೂ ತಿಂದಿಲ್ಲ ಕಣ್ರೀ, ಪಾಪ,” ಎಂದು ಊರ್ಮಿಳಾ ರಕ್ಷಿತಾಳ ಬೆನ್ನು ಸವರಿದಳು.

“ನಿಜ ಹೇಳ್ತಿದೀನಿ. ಬೇಕಾದ್ರೆ ಅವರನ್ನ ಕೇಳು.”

ಊರ್ಮಿಳಾ ಉಳಿದ ಮೂವರತ್ತ ನೋಡಿದಳು. ಅವರು ಮಡಿವಾಳಪ್ಪನವರ ಎದುರು ಸಾಲಾಗಿ, ಕೈಕಟ್ಟಿಕೊಂಡು, ಅಧಿಕಾರಿಯ ಮುಂದೆ ನಿಲ್ಲುವಂತೆ ನಿಂತಿದ್ದರು. ಒಬ್ಬರಾದ ಮೇಲೊಬ್ಬರು ಹೌದು, ಸೂಪರ್‌ವೈಸರೇ ಎಂದು ತಲೆಯಾಡಿಸಿದರು.