ಜಾಕಿನ ಮೇಲಿನ ಕಾರು

ಲಾಲಸಾಬ್ ಅಂಗೈ ತುಂಬ ಗ್ರೀಸು ತೆಗೆದುಕೊಂಡು ಬೇರಿಂಗಿನ ಗುಂಡುಗಳ ಸಂದಿಗೆ ಒತ್ತಿ ಒತ್ತಿ ತುಂಬುತ್ತಿದ್ದ. ಹಿಂದಿನ ಬಲಗಾಲಿ ಮುಗಿದಿತ್ತು, ಎಡಗಾಲಿ ಉಳಿದಿತ್ತು. ಸತ್ಯನಾರಾಯಣಪೇಟೆಯ ಅವನ ಶೆಡ್ಡಿನಲ್ಲಿ ಆ ಹಳೆಯ ಮಾರುತಿ ಹನ್ನೊಂದು ತಿಂಗಳಿಂದ ಜಾಕಿನ ಮೇಲೆ ನಿಂತಿತ್ತು. ಅದರ ಒಡೆಯ ಚನ್ನಬಸವರಾಜ ಈ ಹೊತ್ತು ನಸುಕಿನಲ್ಲಿ ಪಾರ್ವತಿನಗರದ ಮನೆಯಲ್ಲಿ ತೀರಿಕೊಂಡಿದ್ದ.

"ಸಾಬಣ್ಣ, ಆತೇನು?" ಸತ್ತವನ ಮಗ ಸುಭಾಷ್ ಬಾಗಿಲಲ್ಲಿ ನಿಂತಿದ್ದ. "ಅಯ್ನೋರು ಬಂದಾರ. ಅಪ್ಪನ್ನ ಕೂಡಿಸೇವಿ. ಹೊತ್ತು ಮುಳುಗೋದ್ರಾಗ ನಮ್ಮೂರು ಕುರುಗೋಡಿನಾಗ ಮಣ್ಣಾಗಬೇಕು. ಆಗಲ್ಲಂದ್ರ ಹೇಳಿಬಿಡು. ಸಿರುಗುಪ್ಪಿಯಿಂದ ನಮ್ಮ ಅಕ್ಕಿ ಮಿಲ್ಲಿನ ಟೆಂಪೋ ತರ್ಸೀನಿ."

"ಆಗ್ತೈತೋ. ನಿಮ್ಮಪ್ಪ ತನ್ನ ಕಾರಿನಾಗ ಹೋಗ್ತಾನ."

"ಇದ ಮಾತು ಕೇಳಿ ಕೇಳಿ ಸತ್ತ ನಮ್ಮಪ್ಪ."

ಸುಭಾಷ್ ಹೋದ. ಲಾಲಸಾಬ್ ಅವಸರ ಮಾಡಿದ. ಡ್ರಮ್ಮಿನೊಳಗೆ ಒಂದು ಬೇರಿಂಗು ಬಡಿದು ಕೂರಿಸಿದ, ತಿರುವಿ ಹಾಕಿ ಇನ್ನೊಂದನ್ನು ಕೂರಿಸಿದ, ನಟ್ಟು ಬಿಗಿದು ಪಿನ್ನು ಮಡಚಿದ. ಗಾಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಹೊಸ ಗ್ರೀಸು, ಓಡಿದರೆ ಸಡಿಲಾಗುತ್ತದೆ ಅಂದುಕೊಂಡ. ನಲವತ್ತು ವರ್ಷದ ಕೆಲಸದಲ್ಲಿ ಅವನು ಇಂಥ ಮಾತನ್ನು ತನಗೆ ತಾನೇ ಹೇಳಿಕೊಂಡವನಲ್ಲ.

*

ಚನ್ನಬಸವರಾಜ ಹತ್ತಿ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿದ್ದು ನಿವೃತ್ತನಾದವನು. ಯುಗಾದಿ ಮುಗಿದ ಮಾರನೆಯ ವಾರ ಕಾರು ತಂದು ಬಿಟ್ಟಿದ್ದ. "ಹಿಂದ ಗುಂಯ್ ಅಂತೈತಿ ನೋಡು. ಕುರುಗೋಡಿನಾಗ ನಮ್ಮಕ್ಕ ಚನ್ನವೀರಮ್ಮ ಅದಾಳ. ಒಮ್ಮಿ ನನ್ನ ಕಾರಿನಾಗ ಕೂಡಿಸಿ ತಿರುಗಿಸ್ತೀನಂತ ಮಾತು ಕೊಟ್ಟೀನಿ."

ಹೊಸ ಬೇರಿಂಗು ಬರಬೇಕಿತ್ತು. ಅವನು ಪ್ರತಿ ಗುರುವಾರ ಕೇಳಲು ಬಂದು, ಗಾಲಿಯಿಲ್ಲದ ಕಾರಿನ ಮುಂದಿನ ಸೀಟಿನಲ್ಲೇ ಕೂತು, ಚಿಕ್ಕಂದಿನಲ್ಲಿ ಮಠದಲ್ಲಿ ಕಲಿತ ಪದಗಳನ್ನು ಮೆಲ್ಲಗೆ ಹಾಡುತ್ತಿದ್ದ. ಸಾಲು ಮರೆತು ನಿಂತರೆ ಬೇರೆ ಕಾರಿನ ಅಡಿಯಿಂದ ಲಾಲಸಾಬ್ ಅದನ್ನು ಎತ್ತಿಕೊಡುತ್ತಿದ್ದ.

"ಲೇ, ನಿನಗ ಹೆಂಗ ಬರ್ತೈತೋ ಇದು?"

"ಕೇಳಿ ಕೇಳಿ. ನಿನ್ನಂಗ ಓದಿ ಮರೆತವನಲ್ಲ ನಾನು."

ಹೆಂಡತಿ ಹಮೀದಾಬಿ ತೀರಿಹೋದ ಮೇಲೆ ಲಾಲಸಾಬನ ವಾರದಲ್ಲಿ ಮಾತಿನ ದಿನವೆಂದರೆ ಅದೊಂದೇ. ಶ್ರಾವಣದಲ್ಲಿ ಬೇರಿಂಗು ಬಂತು. ಕಾರು ಜಾಕಿನಿಂದ ಇಳಿದರೆ ಚನ್ನಬಸವರಾಜ ಬರುವುದು ನಿಲ್ಲುತ್ತದೆ. ಲಾಲಸಾಬ್ ಬೇರಿಂಗಿನ ಡಬ್ಬಿಯನ್ನು ಹಳೆಯ ಟೈರುಗಳ ಹಿಂದೆ ಇಟ್ಟ. "ಇನ್ನೂ ಬಂದಿಲ್ಲೋ ಮಾರಾಯ, ಬರೋ ವಾರ" ಅಂದ. ದೀಪಾವಳಿಗೂ ಅದೇ ಅಂದ, ಸಂಕ್ರಾಂತಿಗೂ ಅದೇ ಅಂದ.

*

ಕಾರು ಮನೆ ಮುಂದೆ ನಿಂತಾಗ ಕಟ್ಟೆಯ ಮೇಲಿದ್ದ ನೆರೆಮನೆಯ ಹಂಪಯ್ಯ ಎದ್ದು ನಿಂತ. "ನೋಡ್ರಪಾ, ಲಾಲಸಾಬನ ಬರೋ ವಾರ ಬಂತು!"

"ಬಂತು. ಮಾಲಕ ಕಾಯಲಿಲ್ಲ," ಅಂದರು ಇನ್ಯಾರೋ. ಒಂದಿಬ್ಬರು ನಕ್ಕರು.

ಹಣೆ ತುಂಬ ಮೂರು ಗೆರೆ ವಿಭೂತಿ ಬಳಿದ ಚನ್ನಬಸವರಾಜನನ್ನು ಕೂತ ಭಂಗಿಯಲ್ಲೇ ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿ ಶಾಲಿನಿಂದ ಬಿಗಿದರು. ಹೆಂಡತಿ ಪಾರಮ್ಮ ಕಿಟಕಿಗೆ ಕೈಯಿಟ್ಟಳು. "ಕಾರು ಬಂದೈತಿ ನೋಡ್ರಿ, ಕಣ್ಣು ಬಿಡ್ರಿ." ಆಮೇಲೆ ಲಾಲಸಾಬನ ಕಡೆ ತಿರುಗಿ, "ಮೆಲ್ಲಕ ಹೋಗಣ್ಣ. ಅಕ್ಕ ಮುಂಜಾನಿಂದ ಬಾಗಲದಾಗ ಕುಂತಾಳಂತ," ಅಂದಳು.

ಊರು ದಾಟುವವರೆಗೆ ಬರೀ ಗುಂಯ್‌ಗುಡುವ ಸದ್ದಿತ್ತು. ಮುಂದೆ ಸುಟ್ಟ ಗ್ರೀಸಿನ ವಾಸನೆ ಬಂತು. ಕುರುಗೋಡಿನ ರಸ್ತೆಯ ಒಂದು ಜಾಲಿಗಿಡದ ಹತ್ತಿರ ಎಡಗಾಲಿ ಕಚ್ಚಿ, ಕಾರು ಎಳೆದುಕೊಂಡು ನಿಂತುಬಿಟ್ಟಿತು. ಹೆಣದ ತಲೆ ಪಕ್ಕದ ಗಾಜಿಗೆ ವಾಲಿತು.

ಇಳಿಯುವ ಮೊದಲೇ ಲಾಲಸಾಬನಿಗೆ ಗೊತ್ತಾಯಿತು. ಎರಡು ಬೇರಿಂಗಿನ ನಡುವೆ ಬೆರಳುದ್ದದ ಕೊಳವೆಯೊಂದು ಕೂಡಬೇಕು. ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಅವು ಒಂದನ್ನೊಂದು ಹಿಂಡಿ ಸಾಯುತ್ತವೆ. ಅದನ್ನು ಅವನು ಹಾಕಿರಲಿಲ್ಲ.

ಹಿಂದಿದ್ದ ಟೆಂಪೋದಿಂದ ಸುಭಾಷ್ ಇಳಿದು ಬಂದ. ಏನಾದರೂ ಆದೀತೆಂದು ಅವನು ಅದನ್ನು ಮೊದಲೇ ತರಿಸಿದ್ದ.

"ಎರಡು ತಾಸು ಕೊಡೋ ಸುಭಾಷ್. ಬಿಚ್ಚಿ ಕೂಡಿಸ್ತೀನಿ."

"ಹೊತ್ತು ನಿಂದ್ರತೈತೇನು ನಿನಗ?"

ನಾಲ್ವರು ಚನ್ನಬಸವರಾಜನನ್ನು ಎತ್ತಿ, ಟೆಂಪೋದಲ್ಲಿ ಅಕ್ಕಿ ಚೀಲಗಳಿಗೆ ಒರಗಿಸಿ ಕೂರಿಸಿದರು. ಹಂಪಯ್ಯ ಮೇಲಿನಿಂದ ಕೈ ಚಾಚಿದ. "ಹತ್ತೋ ಲಾಲಸಾಬ್. ಒಂದು ಹಿಡಿ ಮಣ್ಣಾಕುವಂತಿ."

ಲಾಲಸಾಬ್ ಆ ಕೈ ಹಿಡಿಯಲಿಲ್ಲ. "ಬೇರಿಂಗು ಶ್ರಾವಣದಾಗ ಬಂದಿತ್ತು," ಅಂದ.

"ಏನಂದಿ?" ಅಂದ ಸುಭಾಷ್.

"ನಾನ ಮುಚ್ಚಿಟ್ಟಿದ್ದೆ. ಕಾರು ಒಯ್ದ ಮ್ಯಾಲ ಅವ ಬರ್ತಿದ್ದಿಲ್ಲ."

ಸುಭಾಷ್ ಟೆಂಪೋದ ಕಡೆ ತಿರುಗಿದ. ಬೈಯಲಿಲ್ಲ. "ಮಣ್ಣಿಗೆ ನೀ ಬರಬ್ಯಾಡ," ಎಂದಷ್ಟೇ ಹೇಳಿ ಟೆಂಪೋದ ಬಾಗಿಲು ಹಾಕಿದ. ಹಂಪಯ್ಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಟೆಂಪೋದ ಧೂಳು ಇಳಿಯುವವರೆಗೆ ಲಾಲಸಾಬ್ ರಸ್ತೆಯ ನಡುವೆಯೇ ನಿಂತಿದ್ದ. ಎದುರಿನಿಂದ ಬಂದ ಲಾರಿ ಹಾರ್ನು ಹೊಡೆದು ಸುತ್ತಿ ಹೋಯಿತು. ಅವನು ಕಾರಿನ ಎಡಬದಿಗೆ ಬಂದ. ಮುಂದಿನ ಬಾಗಿಲಿನ ಗಾಜಿನ ಒಳಮೈಗೆ ವಿಭೂತಿಯ ಮೂರು ಬಿಳಿ ಗೆರೆಗಳು ಅಂಟಿದ್ದವು. ಹೆಣ ಎತ್ತುವಾಗ ತಿಕ್ಕಿದ್ದಕ್ಕೆ ಕೆಳಗಿನದು ಕೊನೆಯಲ್ಲಿ ಎಳೆದುಹೋಗಿತ್ತು. ಒರೆಸಲೆಂದು ಬಾಗಿಲು ತೆಗೆದು ಕೈಯೆತ್ತಿದ. ಅಂಗೈ ಗ್ರೀಸಿನಿಂದ ಕಪ್ಪಗಿತ್ತು.