ಪ್ಲಮ್ ಬೀದಿಯ ಒಂದೇ ಮಗ್ಗುಲು

ಬಾವಲಿ ವೇಷದ ರೆಕ್ಕೆಗೆ, ಕಾರಿನವರಿಗೆ ಕಾಣಲೆಂದು ಅಂಟಿಸಿದ ಮಿನುಗುಪಟ್ಟಿ ಅರ್ಧ ಕಿತ್ತುಬಂದಿದೆ, ಡೀಲಿಯಾಳೇ ಕಿತ್ತಿರಬೇಕು, ಬಾವಲಿ ಎಲ್ಲಾದ್ರೂ ಹೊಳೆಯುತ್ತಾ ಮಾಮ ಅಂತ ಮಧ್ಯಾಹ್ನದಿಂದ ಜಗಳ, ಆರು ವರ್ಷಕ್ಕೇ ಅವಳಮ್ಮನ ನಾಲಿಗೆ — ಅಕ್ಕ ನೋರೀನ್ ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿಗೆ ಹೊರಡುವಾಗ ಹೇಳಿದ್ದು ಒಂದೇ ಮಾತು, ರಾಯ್ಸ್, ಅವಳ ಕೈ ಬಿಡಬೇಡ, ಬಿಟ್ಟಿಲ್ಲ, ಇನ್ನೊಂದು ಕೈಯಲ್ಲಿ ಅವಳ ಮಿಠಾಯಿ ಚೀಲವನ್ನೂ ಅವನೇ ಹೊತ್ತಿದ್ದಾನೆ, ಈರಿ ಸರೋವರದ ಗಾಳಿ ಕಿವಿ ಕೊರೆಯುತ್ತಿದೆ, ಆರಕ್ಕೆ ಅಗ್ನಿಶಾಮಕ ಠಾಣೆಯ ಸೈರನ್ ಕೂಗಿತು, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳುವ ಹಬ್ಬ ಶುರು, ಎಂಟಕ್ಕೆ ಮತ್ತೆ ಕೂಗುವವರೆಗೆ ಬೀದಿಯೆಲ್ಲ ದೆವ್ವ, ಮಾಟಗಾತಿ, ಅಸ್ಥಿಪಂಜರ, ಯಾವ ಮುಖವಾಡಕ್ಕೂ ಪಕ್ಕಕ್ಕೆ ಕಾಣುವಷ್ಟು ತೂತಿಲ್ಲ, ಮಾಡಿ ಮಾರುವ ನನ್ಮಕ್ಕಳಿಗೆ ಮಕ್ಕಳಿಲ್ಲವೇ, ಸಿಗ್ನಲ್ ತಪ್ಪಿಸಲು ಪ್ಲಮ್ ಬೀದಿಗೆ ನುಗ್ಗುವ ಟ್ರಕ್ಕಿನವರಿಗೆ ಇಲ್ಲವೇ, ರಸ್ತೆಗೊಂದು ಉಬ್ಬು ಹಾಕಿ ಅಂದರೆ ಊರಾಳುವವರು ಎರಡು ವರ್ಷದಿಂದ ಪರಿಶೀಲಿಸುತ್ತಿದ್ದಾರೆ, ಹಾಳಾಗಿ ಹೋಗಲಿ — ಆದರೆ ಈ ಮುದುಕಿ, ಈ ಮಿಸೆಸ್ ಹಾಲ್ವರ್ಸನ್, ಶಾಲೆಯೆದುರು ಮಕ್ಕಳನ್ನು ರಸ್ತೆ ದಾಟಿಸುವ ಕೆಲಸದಿಂದ ನಿವೃತ್ತಳಾಗಿ ಆರು ವರ್ಷವಾಯಿತು, ಅರ್ಜಿ ಬರೆಯಲಿಲ್ಲ, ಸಭೆ ಕರೆಯಲಿಲ್ಲ, ವಾರವಿಡೀ ಬೀದಿಯ ಪಡುವಣ ಸಾಲಿನ ಬಾಗಿಲುಗಳನ್ನು ತಟ್ಟಿದಳು, ಮಕ್ಕಳು ಎರಡೂ ಕಡೆಗೆ ಓಡ್ತವೆ, ಕಾರಿನ ಸಂದೀಲಿ ನುಗ್ತವೆ, ನಿಮ್ಮ ಮಿಠಾಯಿ ಎತ್ಕೊಂಡು ಎದುರು ಸಾಲಿಗೆ ಬನ್ನಿ, ನಿಮ್ಮ ಜಗುಲಿ ದೀಪ ಆರಿಸಿ, ಅಷ್ಟೇ — ದೀಪ ಉರಿದರೆ ಮಿಠಾಯಿ ಉಂಟು, ಆರಿದರೆ ಇಲ್ಲ, ಇದು ಎಳೆಗೂಸಿಗೂ ಗೊತ್ತು, ಮುದುಕ ಡಾರೆನ್ಸ್ ಮಾತ್ರ ನಮ್ಮ ಬಾಗಿಲಿಗೆ ಬಂದ್ರೆ ತಾನೇ ಹಬ್ಬ ಅಂತ ಗೊಣಗಿದ, ನಿನ್ನ ಬಾಗಿಲು ವರ್ಷವಿಡೀ ಅಲ್ಲೇ ಇರುತ್ತೆ, ಕುರ್ಚಿ ಎತ್ಕೋ ಅಂದಳಂತೆ, ಈಗ ನೋಡಿದರೆ ಕಾರು ನಿಲ್ಲಿಸುವ ಜಾಗದ ವಿಷಯಕ್ಕೆ ಐದು ವರ್ಷ ಮಾತು ಬಿಟ್ಟವನ ಅಂಗಳದಲ್ಲೇ ಕೂತು ಅವನದೇ ಫ್ಲಾಸ್ಕಿನಿಂದ ಬಿಸಿ ಸೇಬಿನ ರಸ ಕುಡಿಯುತ್ತಿದ್ದಾನೆ, ಯಾರಿಂದಾಗುತ್ತಿತ್ತು ಇದು, ಹತ್ತನೆಯದಕ್ಕೆ ರಾಯ್ಸ್ ಶಾಲೆ ಬಿಟ್ಟಾಗ ಮೇಷ್ಟ್ರುಗಳೆಲ್ಲ ತಲೆಯಾಡಿಸಿ ಸುಮ್ಮನಾದರು, ಇವಳೊಬ್ಬಳು, ಶಾಲೆ ಬಿಟ್ರೆ ಬಿಡು, ಈ ದಾರೀಲಿ ದಿನಾ ಮುಖ ತೋರ್ಸು ಅಂದಿದ್ದಳು, ತೋರಿಸಿದ್ದ ಕೂಡ.

ಪಟ್ಟಿ ಇನ್ನೂ ಜೋತಾಡುತ್ತಿದೆ, ನಿಲ್ಲೇ ಅಂತ ಮಂಡಿಯೂರಿದ, ಅಂಟು ಒತ್ತಲು ಎರಡೂ ಕೈ ಬೇಕು, ಎರಡೂ ಕೈ, ಅಷ್ಟರಲ್ಲಿ, ಮಾಮ, ನಮ್ಮನೇಲೂ ಕೊಡ್ತಾರೆ, ಪಡುವಣ ಸಾಲೆಲ್ಲ ಕತ್ತಲು, ನಡುವೆ ಒಂದೇ ಒಂದು ಜಗುಲಿ ಬೆಳಗುತ್ತಿದೆ, ಅದು ಅವನದೇ, ನೋರೀನ್ ಕತ್ತಲಲ್ಲಿ ಬೀಗದ ಕಂಡಿ ತಡಕಬಾರದೆಂದು ದಿನಾ ಹಾಕುವ ದೀಪ, ಹೊರಡುವಾಗ ಬೆರಳು ತಾನಾಗಿ ಒತ್ತಿದೆ, ಊರಿಗೆಲ್ಲ ಬೈಯುವವನ ಬೆರಳು — ಬಾವಲಿ ಎರಡು ಕಾರುಗಳ ನಡುವಿನಿಂದ ಹಾರಿತು, ಕಪ್ಪು ರಸ್ತೆಯ ಮೇಲೆ ಕಪ್ಪು ರೆಕ್ಕೆ, ಟ್ರಕ್ಕಿನ ಬೆಳಕು, ಮುದುಕಿ ಆಗಲೇ ರಸ್ತೆಯ ನಡುವೆ ಇದ್ದಳು, ಫಲಕವಿಲ್ಲ, ಸೀಟಿಯಿಲ್ಲ, ಅವನ್ನೆಲ್ಲ ನಿವೃತ್ತಿಯ ದಿನವೇ ವಾಪಸು ಕೊಟ್ಟಾಗಿದೆ, ಬರಿಯ ಅಂಗೈ, ಎತ್ತಿ ಹಿಡಿದ ಅಂಗೈ, ಟಯರುಗಳು ಕಿರುಚಿ ಅವಳ ಕೋಟಿನಿಂದ ಒಂದು ಗೇಣು ದೂರದಲ್ಲಿ ಟ್ರಕ್ಕು ನಿಂತಿತು, ಎಡಗೈಯಲ್ಲಿ ರೆಕ್ಕೆಯ ಬುಡ ಹಿಡಿದಿದ್ದಾಳೆ, ಡೀಲಿಯಾ ಅಳುತ್ತಿದ್ದಾಳೆ, ಅಳುತ್ತಿದ್ದಾಳೆ, ಅಂದರೆ ಇದ್ದಾಳೆ, ಚಾಲಕ ಕಿಟಕಿಯಿಂದ ಬೈಯುತ್ತಿದ್ದಾನೆ, ಅಂಗೈ ಇಳಿಯಲಿಲ್ಲ, ಅವಳು ಅತ್ತ ನೋಡಲೂ ಇಲ್ಲ, ಆ ದೀಪ ನಿಂದೇನೋ, ಹೂಂ ನಂದೇ, ಹೋಗಿ ಆರಿಸ್ಬಾ, ಮಗೂನ ಕೈ ಹಿಡ್ಕೋ, ನೀನು ಬರೋವರೆಗೂ ಇವನು ಇಲ್ಲೇ ನಿಂತಿರ್ತಾನೆ — ಇಪ್ಪತ್ತಮೂರು ವರ್ಷದ ಗಂಡಸು ಮಗುವಿನಂತೆ ಅವಳ ಬೆನ್ನ ಹಿಂದೆ ಹಾದು ರಸ್ತೆ ದಾಟಿದ, ಟ್ರಕ್ಕಿನವನನ್ನು ಎಳೆದು ಬಾರಿಸಬೇಕೆಂದಿದ್ದ ಕೈ ಆ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದಿತ್ತು, ಸ್ವಿಚ್ಚು, ಟಕ್, ಜಗುಲಿ ಕತ್ತಲಾಯಿತು, ತಿರುಗಿದ, ಟ್ರಕ್ಕಿನ ಹಾರ್ನು ಕೂಗುತ್ತಿದೆ, ಆ ಉರಿಬೆಳಕಿಗೆ ಅಡ್ಡವಾಗಿ ಬೆರಳಂಚುಗಳು ಕೆಂಪಗೆ, ಒಂದಿಷ್ಟೂ ಅಲುಗದೆ, ಅಂಗೈ, ಆ ಅಂಗೈ.