ಗೆರೆಗಳು ಸೇರಿದ ಬಾಗಿಲು

ಅರಸೀಕೆರೆಯ ಕೊಬ್ಬರಿ ಮಂಡಿಯ ಷಡಕ್ಷರಪ್ಪನವರು ಹೊಸ ಮನೆ ಕಟ್ಟಿಸಿದ್ದಾರೆಂದು ಕೇಳಿದಾಗ ಮೇಘಶ್ರೀಗೆ ಹೊಟ್ಟೆ ಉರಿಯಿತು. ಗೃಹಪ್ರವೇಶದ ಪತ್ರಿಕೆಗೆ ಆ ಮನೆಯ ಚಿತ್ರ ಬರೆಯುವ ಕೆಲಸ, ಅವಳಿದ್ದ ಆರ್ಕಿಟೆಕ್ಟ್ ಆಫೀಸಿನಲ್ಲಿ, ಅವಳ ಮೇಜಿಗೇ ಬಂದಾಗ ಖುಷಿಯಾಯಿತು. ಒಳ್ಳೆಯ ಖುಷಿಯೇನಲ್ಲ.

ಕೆಲವು ವರ್ಷಗಳ ಹಿಂದೆ ಈ ಮಹಾನುಭಾವರು ಅವಳ ಅಕ್ಕ ಉಷಾರಾಣಿಯನ್ನು ತಮ್ಮ ಮಗನಿಗೆ ತರಲೆಂದು ಜಾವಗಲ್ಲಿನ ಇವರ ಮನೆಗೆ ಬಂದಿದ್ದರು. ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಅಂದು, ಹೊರಗೆ ಚಪ್ಪಲಿ ಮೆಟ್ಟುವಾಗ ತಲೆಯೆತ್ತಿದರು. ಬೀದಿ ನೇರವಾಗಿ ಬಂದು ಮನೆ ಬಾಗಿಲಿಗೇ ಮುಟ್ಟುತ್ತಿತ್ತು.

"ರಸ್ತೆ ಕುತ್ತು ಕಣಮ್ಮ. ಇಂಥ ಮನೆ ಹೆಣ್ಣು ತಂದ್ರೆ ನಮ್ಮನೇನೂ ಉಳಿಯಲ್ಲ. ಮೊದ್ಲು ಬಾಗ್ಲು ಮುಚ್ಸಿ, ಆಮೇಲೆ ನೋಡಾಣ."

ಅಮ್ಮ ಗುರುಸಿದ್ದಮ್ಮ ಮಾರನೆಯ ದಿನವೇ ಗಾರೆ ಕೆಲಸದ ಬೋರಯ್ಯನನ್ನು ಕರೆಸಿ ಮುಂಬಾಗಿಲಿಗೆ ಇಟ್ಟಿಗೆ ಕಟ್ಟಿಸಿದಳು. ಷಡಕ್ಷರಪ್ಪನವರು ತಿರುಗಿಯೂ ನೋಡದೆ ತಿಪಟೂರಿನಿಂದ ಸೊಸೆ ತಂದರು. ಕುತ್ತಿನ ಮಾತು ಊರೂರು ಹಬ್ಬಿ, ಅಕ್ಕನನ್ನು ಕೇಳಲು ಮತ್ತೆ ಯಾರೂ ಬರಲಿಲ್ಲ. ಮನೆಯವರೆಲ್ಲ ಅಂದಿನಿಂದ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದಾರೆ.

ಮನೆಯ ಚಿತ್ರಕ್ಕೆ ಮೊದಲು, ನೋಡುವವನು ಎಲ್ಲಿ ನಿಂತಿದ್ದಾನೆಂದು ತೀರ್ಮಾನಿಸಬೇಕು. ಅವನ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ, ಅದರ ಮೇಲೊಂದು ಚುಕ್ಕೆ. ಅವನ ಎದುರಿಗೆ ದೂರ ಹೋಗುವ ಗೆರೆಗಳೆಲ್ಲ ಆ ಚುಕ್ಕೆಯಲ್ಲೇ ಸೇರುತ್ತವೆ. ಮೇಘಶ್ರೀ ಯಾವಾಗಲೂ ನೋಡುವವನನ್ನು ಒಂದು ಮೂಲೆಗೆ ನಿಲ್ಲಿಸುತ್ತಿದ್ದಳು. ಈ ಸಲ ಬಾಗಿಲಿನ ಎದುರಿಗೇ ನಿಲ್ಲಿಸಿ, ಚುಕ್ಕೆಯನ್ನು ಬಾಗಿಲ ನಟ್ಟನಡುವೆ ಇಟ್ಟಳು. ಅಂಗಳದ ಕಲ್ಲುಹಾಸು, ಎರಡೂ ಕಡೆಯ ಕಾಂಪೌಂಡು, ತೆಂಗಿನ ಸಾಲು, ಎಲ್ಲವೂ ಹೋಗಿ ಆ ಬಾಗಿಲಿಗೇ ಇರಿದವು. ಒಂದು ಗೆರೆಯೂ ಸುಳ್ಳಲ್ಲ.

ಷಡಕ್ಷರಪ್ಪನವರ ಮಗ ಚಿತ್ರ ಮೆಚ್ಚಿ ಅಚ್ಚು ಹಾಕಿಸಿದ. ಪತ್ರಿಕೆ ಹಂಚಿ ಮುಗಿಯುವಷ್ಟರಲ್ಲಿ, ಇದೂ ಕುತ್ತಿನ ಮನೆಯಲ್ಲವೇ ಎಂದು ನೆಂಟರ ಫೋನುಗಳು ಶುರುವಾದವು. ಷಡಕ್ಷರಪ್ಪನವರು ಬೆವರುತ್ತಾ ಆಫೀಸಿಗೆ ಓಡಿಬಂದರು.

"ಇದೇನಮ್ಮ, ಎಲ್ಲಾ ಬಂದು ಬಾಗ್ಲಿಗೇ ಹೊಡೀತೈತೆ?"

"ಗೆರೆ ಎಲ್ಲಾದ್ರೂ ಸೇರ್ಲೇಬೇಕು ಸಾರ್."

"ಬಾಗ್ಲಲ್ಲೇ ಯಾಕ್ ಸೇರ್ಬೇಕಿತ್ತು?"

ಇದು ಬರೀ ಚಿತ್ರ, ಚುಕ್ಕೆ ಪಕ್ಕಕ್ಕೆ ಸರಿಸಿದರೆ ಕುತ್ತೆಲ್ಲ ಮಾಯ ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಅಕ್ಕ ಹಿತ್ತಲ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವುದು ನೆನಪಾಗಿ ನುಂಗಿಕೊಂಡಳು.

"ಮೊದ್ಲು ಬಾಗ್ಲು ಮುಚ್ಸಿ ಸಾರ್, ಆಮೇಲೆ ನೋಡೋಣ."

ಎದುರಿಗಿದ್ದವಳು ಯಾರ ತಂಗಿಯೆಂದಾಗಲಿ, ಅದು ತಮ್ಮದೇ ಮಾತೆಂದಾಗಲಿ ಅವರಿಗೆ ಹೊಳೆಯಲೂ ಇಲ್ಲ. ಗೃಹಪ್ರವೇಶದ ದಿನ ತೇಗದ ಬಾಗಿಲಿದ್ದ ಕಡೆ ಹಸಿ ಇಟ್ಟಿಗೆಯ ಗೋಡೆಯಿತ್ತು. ರೇಷ್ಮೆ ಸೀರೆಯ ಬೀಗರೆಲ್ಲ ಪಾತ್ರೆ ತೊಳೆಯುವ ಕಡೆಯಿಂದ ಒಳಗೆ ಹೋದರು.

ಮೇಘಶ್ರೀ ಮನೆಗೆ ಬಂದು ಹೇಳಿದಾಗ ಗುರುಸಿದ್ದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಗದದ ಮೇಲಿನ ಗೆರೆಗೆ ಹೆದ್ರುದ್ನಾ ಆವಯ್ಯ?" ಆಮೇಲೆ ನಗು ನಿಂತಿತು. "ಅಂಥೋನ ಮಾತಿಗೆ ನಾನ್ ಹೆದರ್ಕಂಡೆನಲ್ಲೇ! ಬೋರಯ್ಯನಿಗೆ ಬರಾಕೇಳು."

ಉಷಾರಾಣಿ ಬೋರಯ್ಯನಿಗೆ ಕಾಯಲಿಲ್ಲ. ತಾನೇ ಹಿತ್ತಲಿನಿಂದ ಹಾರೆ ತಂದು, ಮುಂಬಾಗಿಲಿನ ಇಟ್ಟಿಗೆಗೆ ಮೊದಲ ಏಟು ಹಾಕಿದಳು.